ಎಡಗೈ ಎತ್ತಿದ ಉತ್ತರಗಳು

ಗುಣವಾದ ಮೇಲೆ ಬರೆದದ್ದು ಎಂದುಕೊಂಡು ಇದನ್ನು ಓದಬೇಡಿ. ಗುಣ ಎನ್ನುವ ಮಾತು ನನಗೆ ಇನ್ನೂ ಸಡಿಲ, ಬೇರೆಯವರ ಜಂಪರು ತೊಟ್ಟ ಹಾಗೆ. ಈಗ ಮನೆಯ ಮುಂದಿನ ಮೂರು ಮೆಟ್ಟಿಲು ಒಬ್ಬಳೇ ಇಳಿಯುತ್ತೇನೆ. ಯಾರಾದರೂ ಸೌತೆಕಾಯಿ ಹೆಚ್ಚಿದರೆ ಅಡುಗೆಮನೆ ಬಿಟ್ಟು ಓಡುವುದಿಲ್ಲ. ದ್ಯಾಟ್ಸ್ ಆಲ್. ಆದರೆ ಬಾಗಲಕೋಟೆಯ ದವಾಖಾನೆಯ ಆ ಉದ್ದನೆಯ ಬೆಂಚಿನ ಮೇಲೆ ನನ್ನ ಆಚೀಚೆ ಕುಳಿತಿದ್ದವರಲ್ಲಿ, ನನ್ನ ಹಾಗೆಯೇ ಒಳಗೆ ಹೋಗಿ ಚೆಂದದ ಸುಳ್ಳು ಹೇಳಿ ಹೊರಗೆ ಬರುತ್ತಿದ್ದವರು ಇದ್ದಿರಬಹುದು. ಅವರ ಕೈಗೆ ಸಿಗಲಿ ಎಂದು ಬರೆಯುತ್ತಿದ್ದೇನೆ.

ಇಳಕಲ್ಲಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ಇಂಗ್ಲಿಷ್ ಕಲಿಸಿದವಳು ನಾನು. ಕಲಿತದ್ದು ಬೆಳಗಾವಿಯ ಒಂದು ಕಾನ್ವೆಂಟಿನ ಬೋರ್ಡಿಂಗಿನಲ್ಲಿ. ಅದರ ರುಚಿ ನಾಲಿಗೆಯ ಮೇಲೆ ಇನ್ನೂ ಉಳಿದಿದೆ, ಎಕ್ಸ್‌ಕ್ಯೂಸ್ ಮಿ. ಮದುವೆಯಾಗಲಿಲ್ಲ. ತಮ್ಮನ ಮನೆಯಲ್ಲಿ, ಅವನ ಹೆಂಡತಿ ಸುಮಿತ್ರಾಳ ಕೈಯ ಬಿಸಿ ರೊಟ್ಟಿ ಉಂಡುಕೊಂಡು ಆರಾಮವಾಗಿದ್ದೆ.

ಗುರುಬಾಯಿ ನಮ್ಮ ಶಾಲೆಯ ಹೊಲಿಗೆ ಟೀಚರು. ನಾನು ರಿಟೈರಾದ ವರ್ಷವೇ ಅವಳೂ ಆದಳು. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಆದಮೇಲೆ ನಾವಿಬ್ಬರೂ ಮತ್ತೆ ಹುಡುಗಿಯರಾದೆವು. ಕಂಡಕ್ಟರನಿಗೆ ಆಧಾರ್ ಕಾರ್ಡು ತೋರಿಸುವುದು, ಕಿಟಕಿಯ ಸೀಟು ಹಿಡಿಯುವುದು, ಹೊರಡುವುದು. ಐಹೊಳೆಗೆ ಹೋದೆವು. ಏನೂ ಕೆಲಸವಿಲ್ಲದೆ ಕಲಾದಗಿಗೆ ಹೋಗಿ ಚಿಕ್ಕು ಹಣ್ಣು ತಂದೆವು. ಗುರುಬಾಯಿ ಎಲ್ಲವನ್ನೂ ಎಲ್ಲೋ ಇಟ್ಟು ಮರೆಯುವವಳು. ಅವಳ ಕಾರ್ಡನ್ನೂ ನನ್ನ ಪರ್ಸಿನಲ್ಲೇ ಇಟ್ಟುಕೊಳ್ಳುತ್ತಿದ್ದೆ.

ಬಾದಾಮಿಯ ಗುಹೆಗಳನ್ನು ನೋಡಿ ಮೆಟ್ಟಿಲು ಇಳಿಯುವಾಗ ಮಂಗ ಹಾರಿತು, ಗುರುಬಾಯಿ ಉರುಳಿದಳು, ಕೆಳಗಿನ ಕಲ್ಲಿಗೆ ತಲೆ ಬಡಿಯಿತು. ಬಾಗಲಕೋಟೆಯಲ್ಲಿ ಮೂರನೆಯ ದಿನ ಕಣ್ಣು ತೆರೆಯದೆಯೇ ಹೋದಳು. ನಾನು ಪೊಲೀಸರಿಗೆ ಹೇಳಿದ್ದು, ಅವಳ ಮಗಳು ಶೋಭಾಗೆ ಹೇಳಿದ್ದು, ಮಾತಾಡಿಸಲು ಬಂದವರಿಗೆಲ್ಲ ಹೇಳಿದ್ದು ಒಂದೇ: "ಮಂಗ್ಯಾ ದಬ್ಬಿತು." ಇಡೀ ಇಳಕಲ್ಲು ನಂಬಿತು. ಸಬ್ಜೆಕ್ಟು, ವರ್ಬು, ಎಲ್ಲ ಸರಿಯಾಗಿದ್ದ ವಾಕ್ಯ. ಆ ವಾಕ್ಯದಲ್ಲಿ ನನ್ನ ಕೈ ಮಾತ್ರ ಇರಲಿಲ್ಲ. ಆ ದಿನದ ಪರ್ಸನ್ನು ತೆರೆಯದೆ, ಹಳೆಯ ಸೀರೆಗಳ ಟ್ರಂಕಿನ ತಳಕ್ಕೆ ತಳ್ಳಿದೆ.

ತಿಂಗಳಾದ ಮೇಲೆ ಕಾಯಿಲೆ ಶುರುವಾಯಿತು. ಬೆಳಗ್ಗೆ ಏಳುವಾಗ ಬಲಗೈ ಮುಷ್ಟಿಯಾಗಿರುತ್ತಿತ್ತು, ಅಂಗೈಯಲ್ಲಿ ಉಗುರಿನ ನಾಲ್ಕು ಗುರುತು. ಮೆಟ್ಟಿಲಿನ ಮುಂದೆ ನಿಂತರೆ ಕಿವಿ ಮುಚ್ಚಿಕೊಂಡಂತಾಗಿ ಎದೆ ಹೊಡೆದುಕೊಳ್ಳುತ್ತಿತ್ತು. ಬಾದಾಮಿಯಲ್ಲಿ ಕೆಳಗೆ ಒಬ್ಬಳು ಉಪ್ಪು-ಖಾರ ಹಚ್ಚಿ ಸೌತೆಕಾಯಿ ಮಾರುತ್ತಿದ್ದಳು. ಆ ವಾಸನೆ ಎಲ್ಲಿ ಬಂದರೂ ನಾನು ಮನಸ್ಸಿನಲ್ಲಿ ಮತ್ತೆ ಆ ಮೆಟ್ಟಿಲಿಗೇ ಹೋಗಿ ನಿಂತಿರುತ್ತಿದ್ದೆ. ಊರಿನ ಡಾಕ್ಟರು ಇಸಿಜಿ ತೆಗೆದು, "ಹಾರ್ಟ್ ನಂದಕ್ಕಿಂತ ಚಲೋ ಐತ್ರಿ ನಿಮ್ದು," ಎಂದರು.

ಸುಮಿತ್ರಾ ಹೇಳಿದಳು, "ಅಕ್ಕಾ, ಇದು ಮಂಗ್ಯಾನ ಹೆದರಿಕಿರಿ. ನಮ್ಮ ತವರಮನಿ ಕಡೆ ಒಬ್ಬ ಅಜ್ಜ ತಾಯತ ಕಟ್ಟತಾನ."

"ತಾಯತ ಅಕ್ಕಗ ಕಟ್ಟಾಂವೇನು, ಮಂಗ್ಯಾಗ?" ಎಂದ ನನ್ನ ತಮ್ಮ.

ನಾವು ಮೂವರೂ ನಕ್ಕೆವು. ತಾಯತವನ್ನೂ ಕಟ್ಟಿಸಿಕೊಂಡೆ. ಅದರ ಕರಿದಾರ ಎದೆಯ ಮೇಲೆ ತುರಿಸುತ್ತಿತ್ತು, ಅಷ್ಟೇ.

ಎಲ್ಲಕ್ಕಿಂತ ಕಠಿಣ ಎಂದರೆ ಗುರುವಾರ. ಶೋಭಾ ಮನೆಯಲ್ಲೇ ಕುಳಿತು ಸೀರೆಗಳ ಸೆರಗಿಗೆ ಕುಚ್ಚು ಕಟ್ಟುವ ಕೆಲಸ ಮಾಡುತ್ತಾಳೆ. ತಾಯಿ ಇದ್ದಾಗ ಪ್ರತಿ ಗುರುವಾರ ನನ್ನನ್ನು ಊಟಕ್ಕೆ ಕರೆಯುವುದು ಅವರ ಮನೆಯ ರೂಢಿ. ತಾಯಿ ಹೋದಮೇಲೆ ಆ ಹುಡುಗಿ ಸ್ಟೀಲಿನ ಡಬ್ಬಿಯಲ್ಲಿ ರೊಟ್ಟಿ, ಎಣ್ಣೆಗಾಯಿ ಹಿಡಿದುಕೊಂಡು ತಾನೇ ಬರತೊಡಗಿದಳು.

"ನೀವು ಬಾಜೂಕ ಇದ್ರೆಲ್ಲ ಟೀಚರ್. ಅವ್ವ ಒಬ್ಬಾಕಿನ ಬೀಳಲಿಲ್ಲ. ಅದೊಂದ ನನಗ ಸಮಾಧಾನ."

ನಾನು ರೊಟ್ಟಿ ಮುರಿಯುತ್ತಿದ್ದೆ. ಅದೇ ಉಸಿರಿನಲ್ಲಿ ಅವಳು, "ಮನಿ ನನ್ನ ಹೆಸರಿಗೆ ಮಾಡಸಬೇಕ್ರಿ, ಅವ್ವನ ಆಧಾರ್ ಕಾರ್ಡ ಒಂದು ಸಿಗವಲ್ದು. ಜೆರಾಕ್ಸೂ ಇಲ್ಲ. ಎಲ್ಲಿಟ್ಟಾಳೋ ಏನೋ," ಎನ್ನುತ್ತಿದ್ದಳು.

"ಸಿಗತೈತಿ ಬಿಡವಾ," ಎನ್ನುತ್ತಿದ್ದೆ ನಾನು. ಟ್ರಂಕು ನಾನು ಕೂಡುವ ಮಂಚದ ಕೆಳಗೇ ಇತ್ತು.

ಕೊನೆಗೆ ಸುಮಿತ್ರಾಳೇ ಹಟ ಹಿಡಿದು ಬಾಗಲಕೋಟೆಗೆ ಕಳಿಸಿದಳು. ಇಳಕಲ್ಲಿನಿಂದ ಹುನಗುಂದ, ಅಲ್ಲಿಂದ ಅಮೀನಗಡ ದಾಟಿ ನವನಗರ. ದವಾಖಾನೆಯ ಬೆಂಚಿನ ಮೇಲೆ ಕುಳಿತವರೆಲ್ಲ ಒಬ್ಬರನ್ನೊಬ್ಬರು, "ನಿಮ್ದೇನ್ರಿ?" ಎಂದು ಕೇಳುತ್ತಿದ್ದರು, ಎಲ್ಲರೂ, "ನಿದ್ದಿ ಬರಂಗಿಲ್ರಿ," ಎನ್ನುತ್ತಿದ್ದರು. ಕಿವಿಗೆ ಅರಳೆ ತುರುಕಿಕೊಂಡಿದ್ದ ಗುಳೇದಗುಡ್ಡದ ಹೆಂಗಸು ಹಾಗೆಂದಳು. ಒಂದೇ ಸಮನೆ ಟವೆಲ್ ಮಡಚಿ ಬಿಚ್ಚಿ ಮಡಚುತ್ತಿದ್ದ ಗಂಡಸೂ ಹಾಗೆಂದ. ನಾನೂ ಹಾಗೆಂದೆ. ಅಷ್ಟು ಜನ ಒಟ್ಟಿಗೆ ಕುಳಿತು ಒಂದೇ ಸುಳ್ಳು ಹೇಳುವುದರಲ್ಲಿ ಒಂಥರಾ ಸುಖವಿತ್ತು.

ದೊಡ್ಡ ಡಾಕ್ಟರು ನೋಡಿ, "ಇದು ಹುಚ್ಚಲ್ಲ, ಆಘಾತ. ಗುಳಿಗಿಗಿಂತ ಮಾತಿನ ಚಿಕಿತ್ಸೆ ನಿಮಗೆ ಹೆಚ್ಚು ಬೇಕು," ಎಂದು ಹಸಿರು ಬಾಗಿಲಿನ ಕೋಣೆಗೆ ಕಳಿಸಿದರು. ಬಾಗಿಲು ತೆರೆದೆ, ಒಳಗೆ ಕುಳಿತಿದ್ದ ಹುಡುಗಿ ಒಮ್ಮೆಲೇ ಎದ್ದು ನಿಂತಳು.

"ಅಯ್ಯ, ಟೀಚರ್! ನಾ ನಸೀಮಾರಿ. ಟೆಂತ್ ಬಿ. ಮೂರನೇ ಬೆಂಚು."

ಎರಡು ಜಡೆಯ ನಸೀಮಾ. ಈಗ ಕನ್ನಡಕ, ಕುತ್ತಿಗೆಗೆ ಐಡಿ ಕಾರ್ಡು. ನಾನು ಕೂಡುವವರೆಗೆ ಅವಳು ಕೂಡಲಿಲ್ಲ. ಪೇಷಂಟಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಟೀಚರನ್ನು ಹೇಗೆ ಕೂಡಿಸುವುದು ಎಂದು ತನ್ನ ಮೆತ್ತನೆಯ ಕುರ್ಚಿಯನ್ನೇ ನನ್ನ ಕಡೆ ತಿರುಗಿಸಿದಳು. ನಾನು ಕುಳಿತೆ. ತಪ್ಪಾದದ್ದು ಅಲ್ಲೇ. ಆ ದಿನದಿಂದ ಆ ಕೋಣೆ ನನ್ನ ಕ್ಲಾಸ್‌ರೂಮ್ ಆಯಿತು.

"ಇದರಾಗ ಒಂದು ಪದ್ಧತಿ ಐತ್ರಿ ಟೀಚರ್," ಎಂದಳು. "ಕಣ್ಣು ಮುಚ್ಚಬೇಕು. ಆ ದಿನ ಈಗ ನಡದೈತಿ ಅನ್ನೂ ಹಂಗ ಮೊದಲಿಂದ ಕಡೀತನಕ ಹೇಳಬೇಕು. ಮುಗದ ಕೂಡ್ಲೆ ಮತ್ತ ಮೊದಲಿಂದ. ಅದನ್ನ ಫೋನಿನ್ಯಾಗ ರೆಕಾರ್ಡ್ ಮಾಡೂಣು, ಮನ್ಯಾಗ ನೀವು ದಿನಾ ಕೇಳಬೇಕು. ನಡುವ ನಾ, ಅಂಜಿಕಿ ಎಷ್ಟೈತಿ, ಅಂತ ಕೇಳ್ತೀನಿ. ಸೊನ್ನಿಯಿಂದ ನೂರರೊಳಗ ಒಂದು ನಂಬರ್ ಹೇಳ್ರಿ."

"ಮಾರ್ಕ್ಸ್ ಕೊಡಾಕಿ ನಾನೋ ನೀನೋ?"

"ನೀವ ಕೊಡ್ರಿ. ನಿಮಗ ಮಾರ್ಕ್ಸ್ ಕೊಡೂವಷ್ಟು ಧೈರ್ಯ ನನಗೆಲ್ಲೈತ್ರಿ?"

ನಾನು ಯಾವುದರಿಂದ ತಪ್ಪಿಸಿಕೊಂಡು ಓಡಾಡುತ್ತಿದ್ದೇನೆ ಎಂದು ಬರೆಯಲು ಒಂದು ಹಾಳೆ ಕೊಟ್ಟಳು. ಮುಂದೆ ಒಂದೊಂದರ ಎದುರಿಗೂ ಹೋಗಿ ನಿಲ್ಲಬೇಕಂತೆ. ಮೆಟ್ಟಿಲು, ಮಂಗ, ಸೌತೆಕಾಯಿ, ಬಾದಾಮಿ ಬಸ್ಸು ಎಂದು ನೀಟಾಗಿ ಬರೆದೆ. ಪರ್ಸು ಎಂದು ಬರೆಯಲಿಲ್ಲ.

ಹೇಳತೊಡಗಿದರೆ ನನ್ನದು ಸರಾಗ. ಬಸ್ಸು, ಬುತ್ತಿ, ಬಿಸಿಲು, ಗುಹೆ. ಇಳಿಯುವಾಗ ಮೆಟ್ಟಿಲು ತಿರುಗುವ ಒಂದು ಜಾಗವಿದೆ. ಅಲ್ಲಿಗೆ ಬಂದ ಕೂಡಲೇ ನಾನು ಕಣ್ಣು ತೆರೆದುಬಿಡುತ್ತಿದ್ದೆ. "ನಸೀಮಾ, ನಿನ್ನ ಅತ್ತಿ ಹೆಂಗದಾಳ?" ಎನ್ನುತ್ತಿದ್ದೆ. ಇಲ್ಲವೆ ಅವಳ ಹಾಳೆಯ ಮೇಲಿನ ಇಂಗ್ಲಿಷಿನಲ್ಲಿ ಒಂದು ಸ್ಪೆಲಿಂಗು ತಿದ್ದುತ್ತಿದ್ದೆ. ಅಮೀನಗಡದಲ್ಲಿ ಬಸ್ಸು ನಿಂತಾಗ ತೆಗೆದುಕೊಂಡ ಕರದಂಟಿನ ಪೊಟ್ಟಣ ಬಿಚ್ಚುತ್ತಿದ್ದೆ. ಅವಳಿಗೆ ಗೊತ್ತಾಗುತ್ತಿತ್ತು. ಆ ಕ್ಷಣ ಅವಳು ಸುಮ್ಮನೆ ಕಾಯಬೇಕಿತ್ತು, ಇಲ್ಲವೆ ಹಿಂದಕ್ಕೆ ಕರೆದೊಯ್ಯಬೇಕಿತ್ತು. ಅದರ ಬದಲು ಗಡಬಡಿಸಿ ಎದ್ದು ನೀರು ತಂದು ಕೊಡುತ್ತಿದ್ದಳು. ಹತ್ತನೆಯ ಇಯತ್ತೆಯಲ್ಲಿ ನಾನು ಕೆಮ್ಮಿದರೂ ಹಾಗೆಯೇ ಓಡಿ ನೀರು ತರುತ್ತಿದ್ದವಳು ಆಕೆ.

ಒಂದು ದಿನ ನಸೀಮಾಳ ಕಣ್ಣು ಕೆಂಪಾಗಿತ್ತು. ಅವಳು ಈ ಪದ್ಧತಿ ಕಲಿಯುತ್ತಿದ್ದುದು ಧಾರವಾಡದ ಒಬ್ಬ ಹಿರಿಯ ಮೇಡಂ ಕೈಕೆಳಗೆ. ನನ್ನ ಒಪ್ಪಿಗೆ ಪಡೆದೇ ರೆಕಾರ್ಡಿಂಗುಗಳನ್ನು ಅವರಿಗೆ ಕಳಿಸುತ್ತಿದ್ದಳು. ಅವರು ಕೇಳಿ ಬರೆದಿದ್ದರು: ಪ್ರತಿ ಸಲವೂ ಕಠಿಣ ಜಾಗಕ್ಕೆ ಬಂದಾಗ ನೀನೇ ಬಾಗಿಲು ತೆರೆದು ಪೇಷಂಟನ್ನು ಹೊರಗೆ ಬಿಡುತ್ತಿದ್ದೀ. ಇದು ಪದ್ಧತಿಯಲ್ಲ, ಆತಿಥ್ಯ. ಮುಂದಿನವೂ ಹೀಗೆಯೇ ಇದ್ದರೆ ಈ ಕೆಲಸಕ್ಕೆ ನಿನ್ನನ್ನು ತಯಾರು ಎನ್ನಲಾರೆ.

"ಮತ್ತ ಕೇಸ್‌ಪೇಪರ್ ಬರಿಯೂ ಟೇಬಲ್ಲಿಗೆ ಹಾಕತಾರ್ರಿ ನನ್ನ," ಎಂದಳು ನಸೀಮಾ.

ಈಗ ನಾನು ಮಾಡಿದ್ದನ್ನು ಕೇಳಿ. ನನ್ನ ಕಾಯಿಲೆ ನೆನಪಾಗಲಿಲ್ಲ. ಇನ್‌ಸ್ಪೆಕ್ಷನ್ ನೆನಪಾಯಿತು.

ಸಾಹೇಬರು ಶಾಲೆಗೆ ಬರುವ ಮುಂಚಿನ ವಾರ ನಾವು ಟೀಚರುಗಳು ಮಕ್ಕಳನ್ನು ತಯಾರು ಮಾಡುತ್ತಿದ್ದೆವು. ಯಾವ ಪ್ರಶ್ನೆ, ಯಾರ ಉತ್ತರ, ಎಲ್ಲ ಮೊದಲೇ ಗೊತ್ತು. ನನ್ನದೊಂದು ಸ್ಪೆಷಲ್ ಉಪಾಯವಿತ್ತು: ಪ್ರಶ್ನೆ ಕೇಳಿದ ಕೂಡಲೇ ಎಲ್ಲರೂ ಕೈ ಎತ್ತಬೇಕು. ಉತ್ತರ ಬರುವವರು ಬಲಗೈ, ಬಾರದವರು ಎಡಗೈ. ಸಾಹೇಬರಿಗೆ ಕ್ಲಾಸಿನ ತುಂಬ ಕೈ ಕಾಣುತ್ತದೆ, ನಾನು ಬಲಗೈಯವರನ್ನೇ ಎಬ್ಬಿಸುತ್ತೇನೆ. ಮೂವತ್ತೆರಡು ವರ್ಷದಲ್ಲಿ ಒಮ್ಮೆಯೂ ಸಿಕ್ಕಿಬೀಳಲಿಲ್ಲ. ಅದನ್ನು ಪಾಪ ಎಂದು ಎಣಿಸಿರಲಿಲ್ಲ, ಶಾಲೆಯ ಮರ್ಯಾದೆ ಎಂದುಕೊಂಡಿದ್ದೆ.

"ಆ ಮೇಡಂ ಏನೇನು ನೋಡ್ತಾರ, ಆ ಪಟ್ಟಿ ತಾ," ಎಂದೆ.

"ಟೀಚರ್, ಅದು ನಿಮಗ ತೋರ್ಸೂದಲ್ರಿ."

"ತಾ ಅಂದೆ."

ತಂದಳು. ಪರ್ಸಿನಿಂದ, ಅಂದರೆ ಹೊಸ ಪರ್ಸಿನಿಂದ, ಕೆಂಪು ಪೆನ್ನು ತೆಗೆದೆ. ಎಲ್ಲಿ ಅವಳು ಸುಮ್ಮನಿರಬೇಕು, ಎಲ್ಲಿ ನಂಬರ್ ಕೇಳಬೇಕು, ಎಲ್ಲಿ ನಾನು ತಡವರಿಸಬೇಕು, ಎಲ್ಲಿ ಅವಳು, "ಅಲ್ಲೇ ಇರ್ರಿ, ಮುಂದಕ್ಕ ಹೋಗಬ್ಯಾಡ್ರಿ," ಎನ್ನಬೇಕು ಎಂದು ಗುರುತು ಹಾಕಿದೆ. ಕಠಿಣ ಜಾಗವೊಂದು ಬೇಕಲ್ಲ? ಗುರುಬಾಯಿಯ ತಲೆಯ ಹತ್ತಿರದ ಕೆಂಪು ಕಲ್ಲಿನ ಮೇಲೆ ರಕ್ತ ಇನ್ನಷ್ಟು ಕೆಂಪಾಗಿ ಹರಡಿದ್ದನ್ನು ಆರಿಸಿಕೊಂಡೆ. ಅದು ಭಯಂಕರವೇ, ಆದರೆ ಅಲ್ಲಿ ನನ್ನ ತಪ್ಪು ಇರಲಿಲ್ಲ. ಪ್ರತಿ ವಾರ ಅಲ್ಲಿ ನಿಂತು ಅತ್ತೆ. ಕಣ್ಣೀರು ಖರೆ, ಜಾಗ ಸುಳ್ಳು.

ನಂಬರುಗಳನ್ನೂ ಒಳ್ಳೆಯ ವಿದ್ಯಾರ್ಥಿನಿಯ ಪ್ರೋಗ್ರೆಸ್ ರಿಪೋರ್ಟಿನ ಹಾಗೆ ಕೊಟ್ಟೆ. ಎಂಬತ್ತೈದು, ಎಪ್ಪತ್ತು, ಐವತ್ತು. ಮೆಟ್ಟಿಲು ಹತ್ತಿ ಅಭ್ಯಾಸ ಮಾಡಿದ್ರಾ ಎಂದರೆ ಮಾಡಿದೆ ಎಂದೆ. ಮನೆಯಲ್ಲಿ ರೆಕಾರ್ಡಿಂಗ್ ಕೇಳಿದ್ರಾ ಎಂದರೆ ದಿನಾ ಎಂದೆ. ಒಂದು ದಿನವೂ ಕೇಳಿರಲಿಲ್ಲ. ಧಾರವಾಡದ ಮೇಡಂ ಬರೆದರು: ಬಹಳ ಸುಧಾರಣೆ, ಪದ್ಧತಿಯ ಮೇಲೆ ಹಿಡಿತ ಬಂದಿದೆ. ನಸೀಮಾ ಆ ಇ-ಮೇಲ್ ಓದಿ ನನ್ನ ಕಾಲು ಮುಟ್ಟಿದಳು. ಇಪ್ಪತ್ತಕ್ಕೆ ಬಂದಾಗ ಚಿಕಿತ್ಸೆ ಮುಗಿಯಿತು ಎಂದು ಕಾಗದಕ್ಕೆ ಸಹಿ ಹಾಕಿದೆವು. ಬೆಂಚಿನ ಮೇಲಿದ್ದ ಗುಳೇದಗುಡ್ಡದ ಹೆಂಗಸು, "ನಿಮಗ ಕಡಿಮಿ ಆತೇನ್ರಿ? ಹಂಗಾರ ನನಗೂ ಆಗತೈತಿ," ಎಂದು ನನ್ನ ಕೈ ಹಿಡಿದಳು. ಬಲಗೈ. ಅವಳ ಮುಖ ಈಗಲೂ ಕಣ್ಣ ಮುಂದೆ ಬರುತ್ತದೆ. ಅವಳಿಗೆ ನಾನು ಕೊಟ್ಟದ್ದು ಖೊಟ್ಟಿ ಭರವಸೆ.

ಆಮೇಲೆ ಒಂದು ದಿನ ಶೋಭಾ ಬಂದು, "ಹುನಗುಂದಕ್ಕ ಬರ್ತೀರೇನ್ರಿ ಟೀಚರ್? ಅವ್ವನ ಕಾರ್ಡ ಕಳದೈತಿ ಅಂತ ಬರದು ಕೊಡಬೇಕಂತ. ಗೊತ್ತಿದ್ದವರು ಒಬ್ರು ಸಹಿ ಮಾಡ್ಬೇಕು. ನಿಮಗಿಂತ ಗೊತ್ತಿದ್ದವ್ರು ಯಾರದಾರ?" ಎಂದಳು.

ಹೋದೆ. ಹುನಗುಂದದ ಕಚೇರಿಯ ಮುಂದೆ ಏಳೆಂಟು ಮೆಟ್ಟಿಲು. ಶೋಭಾ ಎರಡು ಮೆಟ್ಟಿಲು ಹತ್ತಿ ತಿರುಗಿ, ಕೈ ಚಾಚಿದಳು. ಥೇಟ್ ತಾಯಿಯ ಕೈ. ಸೂಜಿ ಹಿಡಿದು ಹಿಡಿದು ತೋರುಬೆರಳ ತುದಿ ಗಟ್ಟಿಯಾದ ಕೈ.

"ಹಿಡ್ಕೋರಿ ಟೀಚರ್. ನಾ ಬಿಡಂಗಿಲ್ಲ."

ಆಮೇಲೆ ಏನಾಯಿತೆಂದು ಶೋಭಾ ಸುಮಿತ್ರಾಳಿಗೆ ಹೇಳಿದ್ದಳು, ನಾನು ಸುಮಿತ್ರಾಳ ಬಾಯಿಂದ ಕೇಳಿದ್ದು. ಅಲ್ಲೇ ಕುಸಿದು ಕುಳಿತೆನಂತೆ. ಸೀರೆ ಒದ್ದೆಯಾಗಿತ್ತಂತೆ. ಜನ ನೆರೆದಾಗ ಶೋಭಾ ತನ್ನ ಓಢಣಿ ತೆಗೆದು ನನ್ನ ಸುತ್ತ ಹಿಡಿದು ನಿಂತಳಂತೆ, ಯಾರೂ ನೋಡದ ಹಾಗೆ. ಸಹಿ ಆಗಲಿಲ್ಲ. ಆ ಹುಡುಗಿಯ ಒಂದು ದಿನದ ಕೆಲಸವೂ ಹೋಯಿತು, ಬರೆಸಿಟ್ಟಿದ್ದ ಕಾಗದವೂ ಹಾಳಾಯಿತು.

ಮರುವಾರ ಮತ್ತೆ ಹಸಿರು ಬಾಗಿಲು. ನಸೀಮಾ ಅಭ್ಯಾಸದಂತೆ ಕೇಳಿದಳು, "ಈಗ ಎಷ್ಟು, ಟೀಚರ್?"

"ಇಪ್ಪತ್ತು," ಎಂದೆ. ನಾಲಿಗೆಗೆ ಅದೇ ಪಾಠ ಆಗಿಹೋಗಿತ್ತು.

ನಸೀಮಾ ಪೆನ್ನು ಕೆಳಗಿಟ್ಟಳು. "ನಾ ಟೆಂತಿನ್ಯಾಗ ಯಾವಾಗ್ಲೂ ಎಡಗೈ ಎತ್ತತಿದ್ದೆ. ನೆನಪೈತೇನ್ರಿ? ಒಮ್ಮೆ ಸಾಹೇಬ್ರ ಮುಂದ ನನಗ ಉತ್ತರ ಬರತಿತ್ತು, ಖರೇನ ಬರತಿತ್ತು. ಬಲಗೈ ಎತ್ತಿದೆ. ನೀವು ಎಬ್ಬಿಸಲಿಲ್ಲ. ಎಡ ಯಾವುದು ಬಲ ಯಾವುದು ಮರತೀನಿ ಅಂತ ತಿಳದ್ರಿ."

ನನಗೆ ನೆನಪಿರಲಿಲ್ಲ. ಅದೇ ನಾಚಿಕೆ.

"ಟೀಚರ್, ಇಲ್ಲಿ ಎಡಗೈ ಎತ್ತಬ್ಯಾಡ್ರಿ," ಎಂದಳು. "ನನಗ ಮೊದಲ ದಿನದಿಂದ ಗೊತ್ತಿತ್ತು. ಆ ತಿರುವಿನ ಮೆಟ್ಟಿಲ ಮ್ಯಾಲ ಏನೋ ಐತಿ ಅಂತ. ನಿಮ್ಮ ಮ್ಯಾಲಿನ ಗೌರವ ಅಂದ್ಕೊಂಡು ಸುಮ್ಮನಾದೆ. ಅದು ಗೌರವ ಅಲ್ರಿ, ನನ್ನ ಅಂಜಿಕಿ."

ನಾನು ಕುರ್ಚಿಯಿಂದ ಏಳುವ ಮೊದಲೇ ಅವಳು ಧಾರವಾಡಕ್ಕೆ ಫೋನು ಹಚ್ಚಿದಳು. ನನ್ನ ಎದುರಿಗೇ ಹೇಳಿದಳು: ಮೇಡಂ, ಆ ರೆಕಾರ್ಡಿಂಗ್ ಎಲ್ಲ ಪ್ರಾಕ್ಟೀಸ್ ಮಾಡಿ ಮಾಡಿದ್ದು. ಆ ಕಡೆಯಿಂದ ಏನು ಬಂತೋ ಕೇಳಲಿಲ್ಲ. ಇವಳು, "ಹೌದ್ರಿ, ಹೌದ್ರಿ," ಎನ್ನುತ್ತ ಕಿವಿಯವರೆಗೂ ಕೆಂಪಾದಳು. ಅವಳಿಗೆ ಸಿಕ್ಕಿದ್ದ ಮಾರ್ಕ್ಸೆಲ್ಲ ಹೋಯಿತು. ಮೊದಲ ಪಾಠದಿಂದ ಮತ್ತೆ ಶುರು ಮಾಡಬೇಕು; ಅವಳೂ, ನಾನೂ. ಗುರುಬಾಯಿ ಒಬ್ಬಳೇ ಸಾಲದೆಂದು ಇನ್ನೊಂದು ಹುಡುಗಿಯನ್ನು ಮೆಟ್ಟಿಲಿನಿಂದ ಕೆಳಗೆ ಹಾಕಿದೆ ಎನ್ನಿಸಿತು.

ಫೋನು ಇಟ್ಟು ಅವಳು ಎದ್ದಳು. ತನ್ನ ಮೆತ್ತನೆಯ ಕುರ್ಚಿಯನ್ನು ತನ್ನ ಕಡೆ ಎಳೆದುಕೊಂಡಳು. ಪ್ಲಾಸ್ಟಿಕ್ ಕುರ್ಚಿ ತೋರಿಸಿದಳು.

"ಬರ್ರಿ. ಕುಂದರ್ರಿ. ಕಣ್ಣು ಮುಚ್ಚರಿ."

ಬೋರ್ಡಿಂಗಿನಲ್ಲಿ ಶನಿವಾರ ಸಂಜೆ ಕ್ಯಾಥೊಲಿಕ್ ಹುಡುಗಿಯರು ಚಾಪೆಲ್ಲಿನಲ್ಲಿ ಕನ್ಫೆಶನ್ನಿಗೆ ಸಾಲು ಹಚ್ಚುತ್ತಿದ್ದರು. ನಮಗೆ, ಹಿಂದೂ ಹುಡುಗಿಯರಿಗೆ, ಆ ಹೊತ್ತಿನಲ್ಲಿ ಮಾರಲ್ ಸೈನ್ಸ್. ಅವರು ಆ ಕಟ್ಟಿಗೆಯ ಪೆಟ್ಟಿಗೆಯೊಳಗೆ ಹೋಗಿ, ಬರುವಾಗ ಮಂಡಿಯ ಧೂಳು ಕೊಡವಿಕೊಂಡು ನಗುತ್ತ ಬರುತ್ತಿದ್ದರು. ಕಿಟಕಿಯಿಂದ ನೋಡಿ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ನನಗೆ ಅರವತ್ತು ದಾಟಿದ ಮೇಲೆ ನನ್ನ ಸರದಿ ಬಂದಿತ್ತು, ಆದರೆ ಇಲ್ಲಿ ಕ್ಷಮೆ ಕೊಡುವವರು ಇರಲಿಲ್ಲ. ಇದ್ದದ್ದು ಟೆಂತ್ ಬಿ ನಸೀಮಾ ಮತ್ತು ಫೋನಿನ ಕೆಂಪು ಚುಕ್ಕೆ.

ಹೇಳಿದೆ. ಬಸ್ಸು, ಬುತ್ತಿ, ಬಿಸಿಲು. ತಿರುವಿನ ಮೆಟ್ಟಿಲು ಬಂತು. "ಮಂಗ್ಯಾ ಹಾರತೈತಿ, ಗುರುಬಾಯಿ ಬೀಳತಾಳ," ಎಂದೆ.

"ಹಿಂದಕ್ಕ ಹೋಗ್ರಿ. ಮಂಗ್ಯಾ ಇನ್ನೂ ಹಾರಿಲ್ಲ. ನಿಮ್ಮ ಬಲಗೈ ಎಲ್ಲೈತಿ?"

ಯಾರೂ ಕೇಳಿರಲಿಲ್ಲ. ಪೊಲೀಸರೂ ಕೇಳಿರಲಿಲ್ಲ. ನಾನು ಅಮೀನಗಡದ ಕರದಂಟು ಎಂದೆ, ನೀರು ಎಂದೆ, ತಲೆ ತಿರುಗುತ್ತದೆ ಎಂದೆ. ನಸೀಮಾ ನೀರು ಕೊಡಲಿಲ್ಲ. "ಬಲಗೈ ಎಲ್ಲೈತ್ರಿ?" ಎಂದಳು ಮತ್ತೆ.

ಗುರುಬಾಯಿಯ ಕೈಯಲ್ಲಿ ಇದೆ. ಅವಳ ಮೊಣಕಾಲು ನೋವು. ಮೇಲಿನ ಮೆಟ್ಟಿಲಿನಲ್ಲೇ ಅವಳು ನಕ್ಕು, "ಏನವಾ ಕಾನ್ವೆಂಟು, ಕೈ ಬಿಡಬ್ಯಾಡ ಮತ್ತ. ನಾ ಉರುಳಿದ್ರ ನೆಟ್ಟಗ ಕೆಳಗಿನ ಹೊಂಡಕ್ಕನ," ಎಂದಿದ್ದಾಳೆ. ಎಡ ಹೆಗಲಿಗೆ ಪರ್ಸು. ಮಂಗ ಗೋಡೆಯಿಂದ ಹಾರಿ ಪರ್ಸಿನ ಪಟ್ಟಿ ಹಿಡಿಯುತ್ತದೆ. ಒಂದು ಕೈಗೆ ಪರ್ಸು ಉಳಿಯುವುದಿಲ್ಲ. ಎರಡು ಕೈ ಬೇಕು. ನಾನು ಬಲಗೈಯನ್ನು ಕಿತ್ತುಕೊಳ್ಳುತ್ತೇನೆ. ಅವಳು ಬಿಡುವುದಿಲ್ಲ, ಬೆರಳು ಹಿಡಿದಿದ್ದಾಳೆ. ನಾನು ಜಾಡಿಸುತ್ತೇನೆ. ಮಂಗ ಅವಳನ್ನು ಮುಟ್ಟಲೇ ಇಲ್ಲ.

ಕಣ್ಣು ಮುಚ್ಚಿಕೊಂಡೇ ಕಾದೆ. ನಿಮ್ಮ ತಪ್ಪಲ್ಲ ಟೀಚರ್ ಎನ್ನುತ್ತಾಳೆ ಎಂದು. ನಸೀಮಾ ಎನ್ನಲಿಲ್ಲ. ಮೂಗು ಏರಿಸಿದ ಸದ್ದು ಮಾತ್ರ ಕೇಳಿತು. ಆಮೇಲೆ, "ಈಗ ಎಷ್ಟು?" ಎಂದಳು.

"ನೂರು."

"ಮತ್ತ ಮೊದಲಿಂದ ಹೇಳ್ರಿ."

ಆ ದಿನ ಮೂರು ಸಲ ಹೇಳಿಸಿದಳು. ಅಂದು ಅವಳನ್ನು ದ್ವೇಷಿಸಿದಷ್ಟು ಯಾರನ್ನೂ ದ್ವೇಷಿಸಿಲ್ಲ. ಈಗ ಅನ್ನಿಸುತ್ತದೆ: ಅಷ್ಟು ವರ್ಷ ಮಕ್ಕಳಿಗೆ ಡಿಸಿಪ್ಲಿನ್, ಡಿಸಿಪ್ಲಿನ್ ಎಂದು ಬೆತ್ತ ಕುಟ್ಟಿದವಳು ನಾನು, ಅದು ಏನೆಂದು ತೋರಿಸಿದ್ದು ಅವಳು.

ಈಗ ರೆಕಾರ್ಡಿಂಗನ್ನು ನಿಜವಾಗಿಯೂ ದಿನಾ ಕೇಳಬೇಕಿತ್ತು. ನನ್ನ ಕಿವಿಗೆ ಇಯರ್‌ಫೋನು ನಿಲ್ಲುವುದಿಲ್ಲ. ಅಡುಗೆಮನೆಯ ಹಿಂದಿನ ಸಾಮಾನಿನ ಕೋಣೆಯಲ್ಲಿ, ಜೋಳದ ಚೀಲದ ಮೇಲೆ ಕುಳಿತು ಫೋನು ಹಚ್ಚುತ್ತಿದ್ದೆ. ಮೊದಲ ದಿನ ಸುಮಿತ್ರಾ ಬಾಗಿಲ ತನಕ ಬಂದು ನಿಂತದ್ದು ಗೊತ್ತಾಯಿತು. ಆ ಕೈಯ ಮಾತು ಬರುವ ಹೊತ್ತಿಗೆ ಅವಳು ಸರಿದಳು. ಮರುಕ್ಷಣ ಒರಳು ಕುಟ್ಟುವ ಸದ್ದು ಶುರುವಾಯಿತು. ಹೊರಗೆ ಕೂತಿದ್ದ ನನ್ನ ತಮ್ಮನಿಗೆ, ಬಂದು ಹೋಗುವವರಿಗೆ ಕೇಳದ ಹಾಗೆ. ಮರುದಿನವೂ ಅದೇ ಹೊತ್ತಿಗೆ ಅದೇ ಸದ್ದು. "ಎಷ್ಟು ಶೇಂಗಾ ಚಟ್ನಿ ಮಾಡ್ತೀಯ, ಅಂಗಡಿ ಇಡ್ತೀಯೇನು?" ಎಂದು ತಮ್ಮ ರೇಗಿಸಿದಾಗ, "ಅಕ್ಕಗ ಬೇಕಾಗೇತಿ," ಎಂದಳು ಅಷ್ಟೇ.

ನೂರು ತೊಂಬತ್ತಾಗಲು ಎರಡು ವಾರ ಹಿಡಿಯಿತು. ಒಂದು ವಾರ ಮತ್ತೆ ನೂರಕ್ಕೆ ಹೋಯಿತು. ಈ ಸಲ ನಂಬರು ನೀಟಾಗಿ ಇಳಿಯಲಿಲ್ಲ.

ಬಾದಾಮಿಗೆ ಹೋಗಲೇಬೇಕಿತ್ತು. ನಸೀಮಾ ಜೊತೆಗೆ ಬಂದಳು. ಇಳಿಯುವಾಗ ತಿರುವಿನ ಮೆಟ್ಟಿಲಿನಲ್ಲಿ ಕಾಲು ಕಲ್ಲಾಯಿತು. ಕೆಳಗೆ ಅದೇ ಸೌತೆಕಾಯಿ, ಗೋಡೆಯ ಮೇಲೆ ಮರಿ ಕಟ್ಟಿಕೊಂಡ ಮಂಗ.

"ಕೈ ಹಿಡಿ, ನಸೀಮಾ."

"ಇಲ್ರಿ, ಟೀಚರ್."

"ಹುಡುಗಿ, ನನ್ನ ವಯಸ್ಸೆಷ್ಟು ಅಂತ ಗೊತ್ತೈತೇನು?"

"ಗೊತ್ತೈತ್ರಿ. ಅಲ್ಲಿ ಕಂಬಿ ಐತಿ, ಅದನ್ನ ಹಿಡ್ಕೋರಿ. ನನ್ನ ಕೈ ಹಿಡದು ಇಳದ್ರ ನನ್ನ ಕೈಯಿಂದ ಇಳದೆ ಅಂತ ಅನಸತೈತಿ ನಿಮಗ."

ಅವಳು ಎರಡು ಕೈಯನ್ನೂ ಹಿಂದಕ್ಕೆ ಕಟ್ಟಿಕೊಂಡಳು. ಚಾಚದಂತೆ ತನ್ನನ್ನೇ ಕಟ್ಟಿಹಾಕಿಕೊಂಡ ಹಾಗಿತ್ತು. ನಾನು ಬಿಸಿಲಲ್ಲಿ ನಿಂತೆ. ಎಂಬತ್ತು ಎಂದೆ. ಇನ್ನಷ್ಟು ನಿಂತು ಎಪ್ಪತ್ತು ಎಂದೆ. ಇಳಿದೆ. ಕೆಳಗೆ ಬಂದಮೇಲೆ ಸೌತೆಕಾಯಿ ಕೊಂಡು ಇಬ್ಬರೂ ತಿಂದೆವು. ನನ್ನ ಗಲ್ಲದ ಮೇಲೆ ಖಾರಪುಡಿ ಹತ್ತಿತ್ತಂತೆ. ಆಗ ಮಾತ್ರ ಅವಳು ಕೈ ಬಿಚ್ಚಿ ತನ್ನ ವೇಲಿನಿಂದ ಒರೆಸಿದಳು.

ಬಸ್ಸಿನಲ್ಲಿ ಹಳೆಯ ಪಟ್ಟಿ ತೆಗೆದು, ಸೌತೆಕಾಯಿಯ ಕೆಳಗೆ ನಾನೇ ಬರೆದೆ: ಪರ್ಸು.

ಟ್ರಂಕಿನಿಂದ ಅದನ್ನು ತೆಗೆದದ್ದು ನಾನೇ. ಪಟ್ಟಿಯ ಮೇಲೆ ಮಂಗನ ಉಗುರಿನ ಗೀರು ಇತ್ತು. ಒಳಗೆ ನನ್ನ ಓದುವ ಕನ್ನಡಕ, ಅರ್ಧ ಪೊಟ್ಟಣ ಪೆಪ್ಪರ್‌ಮಿಂಟು, ಎರಡು ಆಧಾರ್ ಕಾರ್ಡು. ಎರಡು ಕಾರ್ಡಿದ್ದರೆ ತಿರುಗಿ ಬರುವ ಬಸ್ಸೂ ಪುಕ್ಕಟೆ.

ಶೋಭಾಗೆ ಹೇಳಿ ಎಂದು ನಸೀಮಾ ಹೇಳಲಿಲ್ಲ. ಅದು ಪದ್ಧತಿಯಲ್ಲಿ ಇಲ್ಲ. ಅದು ನಿಮಗೆ ಬಿಟ್ಟದ್ದು ಎಂದಳು. ಗುರುವಾರ ಶೋಭಾ ಡಬ್ಬಿ ಹಿಡಿದುಕೊಂಡು ಬಂದಾಗ, ಅವಳು ಮುಚ್ಚಳ ತೆಗೆಯುವ ಮೊದಲೇ ಹೇಳಿಬಿಟ್ಟೆ. ಈಗ ನನಗೆ ಅದು ಬಾಯಿಪಾಠವಾಗಿತ್ತು, ಆದರೂ ಅವಳ ಮುಂದೆ ಒಂದೊಂದು ಶಬ್ದವೂ ಹೊಸದು. ಬೆರಳು ಹಿಡಿದಿದ್ದಳು, ಜಾಡಿಸಿದೆ ಎಂಬಲ್ಲಿಗೆ ಬಂದಾಗ ಅವಳು ತನ್ನ ಬೆರಳುಗಳನ್ನು ನೋಡಿಕೊಂಡಳು.

"ಪರ್ಸಿನ್ಯಾಗ ಏನಿತ್ರಿ?" ಎಂದಳು.

ಕಾರ್ಡು ಮುಂದೆ ಹಿಡಿದೆ.

ತೆಗೆದುಕೊಂಡಳು. ತಿರುಗಿಸಿ ಫೋಟೋ ನೋಡಿದಳು. "ಎಷ್ಟು ಸಿಟ್ಟಿನಿಂದ ಕುಂತಾಳ ನೋಡ್ರಿ," ಎಂದಳು. ನಗು ಬಂದಂತಾಗಿ ಅಲ್ಲೇ ನಿಂತಿತು. "ಆರು ಸಲ ಹೋದೆ ಟೀಚರ್, ಹುನಗುಂದಕ್ಕ. ಆರು ಸಲ. ಪ್ರತಿ ಸಲ ಇಲ್ಲೆ ಬಂದು ನಿಮ್ಮ ಮುಂದ ಹೇಳೀನಿ."

"ಹೌದವಾ."

"ಅವತ್ತ ಜನ ನೋಡ್ಬಾರದಂತ ಓಢಣಿ ಹಿಡದು ನಿಂತಿದ್ನೆಲ್ರಿ ನಾ."

ಅವಳು ಡಬ್ಬಿಯನ್ನು ಎತ್ತಿಕೊಂಡು ಹೋದಳು. ಬಾಗಿಲು ಎಳೆದುಕೊಳ್ಳಲಿಲ್ಲ, ಜೋರಾಗಿ ಹಾಕಲೂ ಇಲ್ಲ.

ಮುಂದಿನ ಗುರುವಾರ ಬರಲಿಲ್ಲ. ಅದರ ಮುಂದಿನದೂ ಇಲ್ಲ. ನಸೀಮಾ ನಂಬರ್ ಕೇಳಿದಾಗ, "ಅಂಜಿಕಿ ಐವತ್ತು, ಆದ್ರ ಇದು ಅಂಜಿಕಿ ಅಲ್ಲ," ಎಂದೆ. "ಹೌದ್ರಿ. ಅದಕ್ಕ ನಂಬರ್ ಇಲ್ರಿ, ಟೀಚರ್," ಎಂದಳು. ಅವಳ ಹೊಸ ರೆಕಾರ್ಡಿಂಗುಗಳನ್ನು ಧಾರವಾಡದ ಮೇಡಂ ಇನ್ನೂ ಕೇಳುತ್ತಿದ್ದಾರೆ. ಫಲಿತಾಂಶ ಬಂದಿಲ್ಲ. ಈ ಸಲ ನಾನು ಪಟ್ಟಿ ಕೇಳಲಿಲ್ಲ. ಗುಳೇದಗುಡ್ಡದ ಆ ಹೆಂಗಸನ್ನು ಬೆಂಚಿನ ಮೇಲೆ ಹುಡುಕುತ್ತೇನೆ, ಮತ್ತೆ ಸಿಕ್ಕಿಲ್ಲ. ಸಿಕ್ಕರೆ, ಆಗ ನನಗೆ ಏನೂ ಕಡಿಮೆಯಾಗಿರಲಿಲ್ಲ ತಾಯಿ, ಈಗ ಸ್ವಲ್ಪ ಆಗಿದೆ ಎಂದು ಹೇಳಬೇಕಿದೆ.

ಕಳೆದ ಗುರುವಾರ ಮಧ್ಯಾಹ್ನ ಬಾಗಿಲು ತೆರೆದರೆ ಮೆಟ್ಟಿಲಿನ ಮೇಲೆ ಸ್ಟೀಲಿನ ಡಬ್ಬಿ. ಯಾರೂ ಇರಲಿಲ್ಲ. ಒಳಗೆ ರೊಟ್ಟಿ ಇತ್ತು. ಎಣ್ಣೆಗಾಯಿ ಇರಲಿಲ್ಲ, ಬರೀ ರೊಟ್ಟಿ. ಅದನ್ನು ಕ್ಷಮೆ ಎಂದುಕೊಳ್ಳುವಷ್ಟು ದಡ್ಡಿ ನಾನಲ್ಲ. ತಾಯಿಯ ಮನೆಯ ರೂಢಿ ತಪ್ಪಬಾರದೆಂದು ಇಟ್ಟುಹೋಗಿರಬಹುದು.

ನಮ್ಮಲ್ಲಿ ಬಂದ ಡಬ್ಬಿಯನ್ನು ಖಾಲಿ ಕೊಡುವುದಿಲ್ಲ. ತೊಳೆದು, ಒರೆಸಿ, ಸುಮಿತ್ರಾಳ ಶೇಂಗಾ ಚಟ್ನಿ ತುಂಬಿಟ್ಟಿದ್ದೇನೆ. ಅದು ಈಗ ಈ ಹಾಳೆಯ ಪಕ್ಕದಲ್ಲೇ ಇದೆ. ಇವತ್ತು ನಾನೇ ಒಯ್ದು ಕೊಡಬೇಕು. ಶೋಭಾಳ ಮನೆಗೆ ಐದು ಮೆಟ್ಟಿಲು, ಕಂಬಿ ಇಲ್ಲ. ಬಾಗಿಲು ತೆರೆಯುತ್ತಾಳೋ ಇಲ್ಲವೋ ಗೊತ್ತಿಲ್ಲ. ನಸೀಮಾ ಇದ್ದಿದ್ದರೆ, ಈಗ ಎಷ್ಟು ಟೀಚರ್ ಎಂದು ಕೇಳುತ್ತಿದ್ದಳು.

ಎಪ್ಪತ್ತೈದು. ಬಲಗೈ ಎತ್ತಿಯೇ ಹೇಳುತ್ತಿದ್ದೇನೆ.